ಆಕೆ ಆಡದ ದಿನ, ಆಡಿದ ದಿನಗಳು

2022ರ ಜನವರಿಯಲ್ಲಿ ಆಸ್ಟ್ರೇಲಿಯದ ಓರ್ವ ಮುಸ್ಲಿಮ್ ಯುವತಿಯ ಹೆಸರು ಜಗತ್ತಿನ ಮುಸ್ಲಿಮರ ನಡುವೆ ಏಕಾಏಕಿ ಪರಿಚಿತವಾಯಿತು. ಹನೀನ್ ಝ್ರೈಕಾ. ವಯಸ್ಸು 22. ಸಿಡ್ನಿ ನಗರದ ಗ್ರೇಟರ್ ವೆಸ್ಟರ್ನ್ ಸಿಡ್ನಿ ಜಯಂಟ್ಸ್ ಎಂಬ ವೃತ್ತಿಪರ ಮಹಿಳಾ ಫುಟ್ಬಾಲ್ ತಂಡದ ಆಟಗಾರ್ತಿ. ಸಲಿಂಗಿಗಳಿಗೆ ಬೆಂಬಲ ಸೂಚಿಸುವ ಕಾಮನಬಿಲ್ಲಿನ ಬಣ್ಣದ ಅಂಗಿಯನ್ನು ತೊಟ್ಟು ಮೈದಾನಕ್ಕಿಳಿಯಲು ತನ್ನ ವಿಶ್ವಾಸ ಒಪ್ಪುವುದಿಲ್ಲವೆಂದು ಹೇಳಿ, ವೆಸ್ಟರ್ನ್ ಬುಲ್‌ಡಾಗ್ಸ್ ವಿರುದ್ಧದ ಪಂದ್ಯದಿಂದ ಅವರು ಹೊರಗುಳಿದರು. ಸುದ್ದಿ ಸಮುದ್ರ ದಾಟಿ ನಮ್ಮವರ ಮೊಬೈಲ್‌ಗಳಿಗೂ ತಲುಪಿತು. ಮಾಶಾ ಅಲ್ಲಾಹ್‌ಗಳ ಸುರಿಮಳೆಯಾಯಿತು. ಈಮಾನಿನ ಮುಂದೆ ಕೀರ್ತಿಯನ್ನು ತೃಣವಾಗಿ ಕಂಡ ಹೆಣ್ಣುಮಗಳೆಂದು ಕೊಂಡಾಡಲಾಯಿತು.

ಆ ಪ್ರಶಂಸೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ಹೀಗೆ ಕೊಂಡಾಡಿದವರಲ್ಲಿ ಎಷ್ಟು ಮಂದಿಗೆ ಆಕೆ ಯಾವ ಆಟ ಆಡುತ್ತಾರೆಂಬುದು ಗೊತ್ತಿತ್ತು? ಆ ತಂಡದೊಳಗೆ ಆಕೆ ಬಂದದ್ದು ಹೇಗೆ, ಬರಲು ದಾರಿ ಮಾಡಿಕೊಟ್ಟವರು ಯಾರು ಎಂದು ವಿಚಾರಿಸಿದವರು ಎಷ್ಟು? ಆಕೆ ಆಡದೇ ಇದ್ದ ಒಂದು ದಿನವನ್ನು ನಾವು ಹಬ್ಬದಂತೆ ಆಚರಿಸಿದೆವು. ಅದಕ್ಕೆ ಮೊದಲು ಮೂರು ವರ್ಷ ಆಕೆ ಆಡಿದ ದಿನಗಳ ಬಗ್ಗೆ ನಮ್ಮಲ್ಲಿ ಒಂದು ಸಾಲಿನ ಸುದ್ದಿಯೂ ಇರಲಿಲ್ಲ. ಈ ವಾರ ನಾವು ಬರೆಯುತ್ತಿರುವುದು ಮುಖ್ಯವಾಗಿ ಆ ಆಡಿದ ದಿನಗಳ ಬಗ್ಗೆ.

ಮೊದಲು ಆಟದ ವಿಚಾರ. ಫುಟ್ಬಾಲ್ ಎಂದೊಡನೆ ನಮ್ಮ ಕಣ್ಣೆದುರು ಬರುವ ಆಟ ಇದಲ್ಲ. ಆಸ್ಟ್ರೇಲಿಯನ್ ರೂಲ್ಸ್ ಎಂದು ಕರೆಯಲ್ಪಡುವ ಈ ಆಟದ ನಿಯಮಗಳು 1859ರಲ್ಲಿ ಮೆಲ್ಬರ್ನ್‌ನಲ್ಲಿ ಬರಹಕ್ಕಿಳಿದವು. ಚೆಂಡು ಮೊಟ್ಟೆಯಾಕಾರದ್ದು, ಮೈದಾನವೂ ಅಷ್ಟೇ. ಬಹುತೇಕ ಕ್ರಿಕೆಟ್ ಮೈದಾನಗಳಲ್ಲೇ ಈ ಆಟ ನಡೆಯುತ್ತದೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಬದಿಯ ಕಂಬದ ಮಧ್ಯೆ ಹೋದರೆ ಒಂದು ಅಂಕ. ಚೆಂಡನ್ನು ಎಸೆಯುವಂತಿಲ್ಲ, ಒಂದು ಕೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಸಂಗಾತಿಗೆ ದಾಟಿಸಬೇಕು. ಚೆಂಡು ಹಿಡಿದವರನ್ನು ಎದುರಾಳಿಗಳು ಅಪ್ಪಿ ಹಿಡಿದು ನೆಲಕ್ಕೆ ಕೆಡವಬಹುದು. ಒಟ್ಟಿನಲ್ಲಿ ಓಟ, ಜಿಗಿತ, ಸೆಣಸಾಟ ಎಲ್ಲವೂ ಬೆರೆತ ಒರಟು ಆಟ. ಪುರುಷರ ಪಂದ್ಯದಲ್ಲಿ ಒಂದು ತಂಡದಿಂದ ಮೈದಾನದಲ್ಲಿ 18 ಮಂದಿ, ಮಹಿಳೆಯರ ಲೀಗ್‌ನಲ್ಲಿ 16 ಮಂದಿ.

ಮಹಿಳೆಯರು ಈ ಆಟವನ್ನು ಪರ್ತ್ ನಗರದಲ್ಲಿ 1915ರಷ್ಟು ಹಿಂದೆಯೇ ಆಡಿದ್ದಾರೆ. ಆದರೆ ಅವರಿಗೆ ರಾಷ್ಟ್ರಮಟ್ಟದ ವೃತ್ತಿಪರ ಲೀಗ್ ದೊರೆತದ್ದು 2017ರಲ್ಲಿ. ನೂರಕ್ಕೂ ಹೆಚ್ಚು ವರ್ಷಗಳ ಕಾಯುವಿಕೆ! ಮಹಿಳಾ ಸ್ವಾತಂತ್ರ್ಯದ ಬಗ್ಗೆ ಜಗತ್ತಿಗೆಲ್ಲ ಪಾಠ ಹೇಳುವ ದೇಶಗಳಲ್ಲೂ ಹೆಣ್ಣಿಗೆ ಮೈದಾನ ಎಷ್ಟು ತಡವಾಗಿ ತೆರೆದುಕೊಂಡಿತೆಂಬುದನ್ನು ನಾವು ಗಮನಿಸಬೇಕು. 2017ರ ಫೆಬ್ರವರಿ 3ರಂದು ಮೆಲ್ಬರ್ನ್‌ನಲ್ಲಿ ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್ ತಂಡಗಳ ನಡುವೆ ಮೊದಲ ಪಂದ್ಯ ನಡೆಯಿತು. ಮೈದಾನದಲ್ಲಿ 24,500ಕ್ಕೂ ಹೆಚ್ಚು ಜನ ತುಂಬಿ, ಬಾಗಿಲು ಮುಚ್ಚಬೇಕಾಯಿತು. ಒಳಗೆ ಜಾಗ ಸಿಗದೆ ಹೊರಗೆ ನಿಂತವರ ಬಳಿಗೆ ಸಂಘಟನೆಯ ಮುಖ್ಯಸ್ಥರೇ ಬಂದು ಕ್ಷಮೆ ಕೇಳಿದರು. ಮಹಿಳೆಯರ ಆಟವನ್ನು ಯಾರು ನೋಡುತ್ತಾರೆ ಎಂದು ಅದುವರೆಗೆ ಹೇಳುತ್ತಿದ್ದವರಿಗೆ ಅದು ಉತ್ತರವಾಗಿತ್ತು.

ಇದನ್ನು ಐಷಾರಾಮದ ವೃತ್ತಿಯೆಂದು ಭಾವಿಸಬೇಕಾಗಿಲ್ಲ. ಮೊದಲ ವರ್ಷ ಸಾಮಾನ್ಯ ಆಟಗಾರ್ತಿಯೊಬ್ಬರಿಗೆ ಆ ಋತುವಿಗೆ ಸಿಕ್ಕಿದ್ದು 8,500 ಡಾಲರ್. ಬದುಕು ಸಾಗಿಸಲು ಅಲ್ಲಿ ಅದು ಸಾಲದು. ಆದ್ದರಿಂದ ಅವರಲ್ಲಿ ಹೆಚ್ಚಿನವರು ಹಗಲು ಶಿಕ್ಷಕಿಯರಾಗಿ, ದಾದಿಯರಾಗಿ, ಕಚೇರಿ ನೌಕರರಾಗಿ ದುಡಿದು, ಇಲ್ಲವೇ ಕಾಲೇಜಿನಲ್ಲಿ ಓದಿ, ಸಂಜೆ ತರಬೇತಿಗೆ ಬರುವವರಾಗಿದ್ದರು. 2022ರ ಮೇ ತಿಂಗಳ ಒಪ್ಪಂದದಲ್ಲಿ ಅವರ ಸಂಬಳ ಶೇ. 94ರಷ್ಟು ಏರಿ, ಕನಿಷ್ಠ ಮೊತ್ತ 20,239 ಡಾಲರ್‌ಗಳಿಂದ 39,184 ಡಾಲರ್‌ಗಳಿಗೆ ತಲುಪಿತು. ಹನೀನ್ ಆ ಪಂದ್ಯದಿಂದ ಹೊರಗುಳಿದದ್ದು ಈ ಏರಿಕೆಗೆ ಮೊದಲು. ದೊಡ್ಡ ಸಂಪತ್ತಿನ ಮೇಲೆ ಕುಳಿತು ಮಾಡಿದ ನಿರಾಕರಣೆ ಅದಾಗಿರಲಿಲ್ಲ.

ಇನ್ನು ಹನೀನ್ ಬೆಳೆದ ಪರಿಸರ. ಸಿಡ್ನಿಯ ಪಶ್ಚಿಮ ಭಾಗದ ಆಬರ್ನ್, ಲಕೆಂಬಾ, ಬ್ಯಾಂಕ್ಸ್‌ಟೌನ್ ಮೊದಲಾದ ಪ್ರದೇಶಗಳು ವಲಸಿಗರ ನೆಲೆಗಳು. 1975ರಲ್ಲಿ ಲೆಬನಾನ್‌ನಲ್ಲಿ ಆರಂಭವಾದ ಅಂತರ್ಯುದ್ಧ ಸಾವಿರಾರು ಕುಟುಂಬಗಳನ್ನು ಅಲ್ಲಿಗೆ ಕೊಂಡೊಯ್ದಿತು. ಟರ್ಕಿಯಿಂದ ಹೋದವರು ಆಬರ್ನ್‌ನಲ್ಲಿ ಗಲ್ಲಿಪೋಲಿ ಮಸೀದಿಯನ್ನು ಕಟ್ಟಿದರು. 2021ರ ಜನಗಣತಿಯಂತೆ ಆಸ್ಟ್ರೇಲಿಯದಲ್ಲಿ ಮುಸ್ಲಿಮರ ಸಂಖ್ಯೆ 8 ಲಕ್ಷಕ್ಕೂ ಅಧಿಕ; ಒಟ್ಟು ಜನಸಂಖ್ಯೆಯ ಶೇ. 3.2. ಅಲ್ಪಸಂಖ್ಯಾತರು ಎಂಬ ಪದದ ಭಾರ ನಮಗೆ ಎಷ್ಟು ಗೊತ್ತೋ ಅವರಿಗೂ ಅಷ್ಟೇ ಗೊತ್ತು. 2005ರ ಡಿಸೆಂಬರ್ 11ರಂದು ಸಿಡ್ನಿಯ ಕ್ರೊನುಲ್ಲಾ ಕಡಲ ಕಿನಾರೆಯಲ್ಲಿ ಸುಮಾರು 5,000 ಜನರ ಗುಂಪು ಸೇರಿ, ಲೆಬನಾನಿಗಳಂತೆ, ಅರಬರಂತೆ ಕಂಡವರನ್ನೆಲ್ಲ ಅಟ್ಟಾಡಿಸಿ ಹೊಡೆಯಿತು. ಆಗ ಹನೀನ್ ಪುಟ್ಟ ಬಾಲಕಿ. ಆ ತಲೆಮಾರಿನ ಮಕ್ಕಳು ತಮ್ಮ ಹೆಸರಿನ ಕಾರಣಕ್ಕೆ ಅನುಮಾನದ ನೋಟಗಳನ್ನು ಎದುರಿಸುತ್ತಲೇ ಬೆಳೆದರು.

ಇಂಥ ಸನ್ನಿವೇಶದಲ್ಲಿ ಒಂದು ಸಮುದಾಯ ಎರಡು ರೀತಿ ಪ್ರತಿಕ್ರಿಯಿಸಬಹುದು. ಹೊರಗೆ ಅಪಾಯವಿದೆ ಎಂದು ಹೆಣ್ಣುಮಕ್ಕಳನ್ನು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುವುದು ಒಂದು. 2011ರಲ್ಲಿ ಆಬರ್ನ್‌ನಲ್ಲಿ ನಡೆದದ್ದು ಇನ್ನೊಂದು. ಆಮ್ನಾ ಕರ್ರಾ ಹಸನ್ ಎಂಬ ಯುವತಿ ಅಲ್ಲಿ ಹೆಣ್ಣುಮಕ್ಕಳಿಗಾಗಿಯೇ ಒಂದು ಫುಟ್ಬಾಲ್ ಕ್ಲಬ್ ಆರಂಭಿಸಿದರು. ಇವರು ಲೆಬನಾನ್ ಮೂಲದ ಮುಸ್ಲಿಮ್ ಕುಟುಂಬದವರು, ಹಿಜಾಬ್‌ಧಾರಿಣಿ, ಆಸ್ಟ್ರೇಲಿಯದ ಫೆಡರಲ್ ಪೊಲೀಸ್ ಇಲಾಖೆಯಲ್ಲಿ ಉದ್ಯೋಗಿಯಾಗಿದ್ದವರು. ಆರಂಭದಲ್ಲಿ ಆಬರ್ನ್ ಟೈಗರ್ಸ್ ಎಂದಿದ್ದ ಹೆಸರು ಬಳಿಕ ಆಬರ್ನ್ ಜಯಂಟ್ಸ್ ಆಯಿತು. ತಂಡದಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳೂ ಇದ್ದರು, ಇತರರೂ ಇದ್ದರು. ಹಿಜಾಬ್ ಧರಿಸಿ ಆಡುವವರೂ ಇದ್ದರು, ಧರಿಸದವರೂ ಇದ್ದರು. ಈ ಆಟವನ್ನು ಅದುವರೆಗೆ ನೋಡಿಯೂ ಇರದ ಮನೆಗಳಿಂದ ಬಂದವರು ಹಲವರು. ನಮ್ಮ ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕ್ರೊನುಲ್ಲಾದ ಗಲಭೆ ನಡೆದು ಆರು ವರ್ಷ ಕಳೆದಿಲ್ಲ. ಅದೇ ನಗರದ ಮುಸ್ಲಿಮ್ ಯುವತಿಯೊಬ್ಬಳು ಬಹುಸಂಖ್ಯಾತರು ತಮ್ಮದೆಂದು ಎದೆಗವಚಿಕೊಂಡ ಆಟಕ್ಕೇ ಕೈಹಾಕುತ್ತಾಳೆ. ಯಾರೂ ಆಹ್ವಾನ ಪತ್ರ ಕಳುಹಿಸಲಿಲ್ಲ. ಚೆಂಡು, ಮೈದಾನದ ಸಮಯ, ತರಬೇತಿ, ಹೆತ್ತವರ ಒಪ್ಪಿಗೆ, ಇವನ್ನೆಲ್ಲ ಒಂದೊಂದಾಗಿ ಹೊಂದಿಸಬೇಕಾಯಿತು.

ಹನೀನ್ ಈ ಕ್ಲಬ್‌ನ ಅಂಗಳದಿಂದ ಬಂದವರು. 2019ರಲ್ಲಿ ಜಯಂಟ್ಸ್ ತಂಡದ ಪರ ಮೈದಾನಕ್ಕಿಳಿದಾಗ, ಆ ರಾಷ್ಟ್ರೀಯ ಮಹಿಳಾ ಲೀಗ್‌ನಲ್ಲಿ ಆಡಿದ ಮೊದಲ ಮುಸ್ಲಿಮ್ ಮಹಿಳೆ ಎಂಬ ದಾಖಲೆ ಅವರದಾಯಿತು. ಆಬರ್ನ್‌ನ ಕ್ಲಬ್ ಹುಟ್ಟಿ ಅಷ್ಟರಲ್ಲಿ ಎಂಟು ವರ್ಷಗಳಾಗಿದ್ದವು. ಒಬ್ಬ ಆಟಗಾರ್ತಿ ರೂಪುಗೊಳ್ಳಲು ಬೇಕಾದ ಕಾಲ ಅದು. ಪುರುಷರ ಲೀಗ್‌ನಲ್ಲಿ ಆಕೆಗಿಂತ ಮುಂಚೆ ಲೆಬನಾನ್ ಮೂಲದ ಬಶಾರ್ ಹೂಲಿ ಇದ್ದರು. ನಮಾಝ್, ಉಪವಾಸಗಳನ್ನು ಮರೆಮಾಚದೆ ಆಡಿದ ಹೂಲಿ, ರಿಚ್ಮಂಡ್ ತಂಡದೊಂದಿಗೆ 2017, 2019 ಮತ್ತು 2020ರಲ್ಲಿ ಪ್ರಶಸ್ತಿ ಗೆದ್ದು 2021ರಲ್ಲಿ ನಿವೃತ್ತರಾದರು. ಅಷ್ಟಕ್ಕೇ ತೃಪ್ತಿಪಡದೆ, ಇಸ್ಲಾಮೀ ಶಾಲೆಗಳ ಮಕ್ಕಳಿಗಾಗಿ ತನ್ನ ಹೆಸರಿನಲ್ಲಿ ಪಂದ್ಯಾಟ ಏರ್ಪಡಿಸಿ, ಅದರಲ್ಲಿ ಹುಡುಗಿಯರ ತಂಡಗಳಿಗೂ ಅವಕಾಶ ದೊರೆಯುವಂತೆ ಮಾಡಿದರು. ಗೆದ್ದ ಕಪ್‌ಗಳಿಗಿಂತ ಆ ಪಂದ್ಯಾಟ ನಮಗೆ ದೊಡ್ಡದಾಗಿ ಕಾಣುತ್ತದೆ.

ಹನೀನ್ ಲೀಗ್‌ಗೆ ಕಾಲಿಟ್ಟ ಅದೇ 2019ರ ಮಾರ್ಚ್‌ನಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಕಾರ್ಲ್‌ಟನ್ ತಂಡದ ಟೇಲಾ ಹ್ಯಾರಿಸ್ ಎಂಬ ಆಟಗಾರ್ತಿ ಗಾಳಿಯಲ್ಲಿ ಕಾಲೆತ್ತಿ ಚೆಂಡು ಒದೆಯುತ್ತಿರುವ ಛಾಯಾಚಿತ್ರವೊಂದು ಪ್ರಕಟವಾಯಿತು. ಅದರ ಕೆಳಗೆ ಹರಿದು ಬಂದ ಅಶ್ಲೀಲ ಮಾತುಗಳನ್ನು ತಡೆಯಲಾಗದೆ ಟಿ.ವಿ. ವಾಹಿನಿಯು ಚಿತ್ರವನ್ನೇ ತೆಗೆದುಹಾಕಿತು. ಹೊಲಸು ಮಾತಾಡಿದವರನ್ನು ಬಿಟ್ಟು ಆಡಿದವಳ ಚಿತ್ರವನ್ನು ಅಳಿಸುವುದು ಯಾವ ನ್ಯಾಯವೆಂದು ದೇಶವಿಡೀ ಪ್ರಶ್ನೆ ಎದ್ದ ಬಳಿಕ ಚಿತ್ರ ಮರಳಿ ಬಂತು. ಅದೇ ಭಂಗಿಯ ಕಂಚಿನ ಪ್ರತಿಮೆಯನ್ನು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್‌ನ ಫೆಡರೇಶನ್ ಸ್ಕ್ವೇರ್‌ನಲ್ಲಿ ಅನಾವರಣ ಮಾಡಿದರು. ಹ್ಯಾರಿಸ್ ಮುಸ್ಲಿಮಳಲ್ಲ. ಆಕೆಯ ಉಡುಪಿನ ಬಗ್ಗೆ ನಮಗೆ ಭಿನ್ನ ಅಭಿಪ್ರಾಯ ಇರಬಹುದು. ಆದರೆ ಗಂಡಸಿನ ಕಣ್ಣಿನ ರೋಗಕ್ಕೆ ಹೆಣ್ಣನ್ನು ಮರೆಗೆ ಸರಿಸುವ ಚಿಕಿತ್ಸೆ ನಮ್ಮ ಮೊಹಲ್ಲಾಗಳಲ್ಲೂ ಬಹಳ ಬಳಕೆಯಲ್ಲಿದೆ. ದೃಷ್ಟಿಯನ್ನು ತಗ್ಗಿಸಿರೆಂಬ ಆದೇಶವನ್ನು ಕುರ್‌ಆನ್ ಮೊದಲು ಪುರುಷರಿಗೆ ನೀಡಿ, ಆ ಬಳಿಕವೇ ಸ್ತ್ರೀಯರ ಕಡೆಗೆ ತಿರುಗುತ್ತದೆ. ಆ ಅನುಕ್ರಮವನ್ನು ನಮ್ಮ ಭಾಷಣಗಳು ಏಕೋ ಮರೆತುಬಿಡುತ್ತವೆ.

ಈಗ ಆ ಜನವರಿಗೆ ಬರೋಣ. ಹನೀನ್ ಏನು ಹೇಳಿದರು? ಲೀಗ್‌ನ ಮೊದಲ ಆಸ್ಟ್ರೇಲಿಯನ್ ಮುಸ್ಲಿಮ್ ಮಹಿಳೆಯಾಗಿ ತನ್ನ ಧರ್ಮವನ್ನೂ ಸಮುದಾಯವನ್ನೂ ಪ್ರತಿನಿಧಿಸುವ ಹೊಣೆ ತನ್ನ ಮೇಲಿದೆ ಎಂದರು. ಜನರ ಲೈಂಗಿಕ ಒಲವು ಏನೇ ಇರಲಿ ಅವರನ್ನು ತಾನು ಗೌರವಿಸುತ್ತೇನೆ, ಎಲ್ಲರಿಗೂ ಸ್ವಾಗತವಿರಬೇಕು, ಇದು ತನ್ನ ವಿಶ್ವಾಸದ ವಿಷಯ ಮಾತ್ರ ಎಂದೂ ಹೇಳಿದರು. ಮಾತು ಅಷ್ಟೇ. ಯಾರ ಮೇಲೂ ಕೆಸರೆರಚಲಿಲ್ಲ. ಆ ಲೀಗ್‌ನ ಆಟಗಾರ್ತಿಯರಲ್ಲಿ ತಾವು ಸಲಿಂಗಿಗಳೆಂದು ಬಹಿರಂಗವಾಗಿ ಹೇಳಿಕೊಂಡವರು ಹಲವರಿದ್ದಾರೆ. ಅವರೊಂದಿಗೆ ಬೆವರು ಹರಿಸಿ ಆಡುವ ಹುಡುಗಿ ಆಡಿದ ಮಾತು ಅದು. ಆ ಅಂಗಿ ಕೆಲವರ ಪಾಲಿಗೆ ವರ್ಷಗಟ್ಟಲೆ ಅನುಭವಿಸಿದ ಅವಮಾನದ ವಿರುದ್ಧದ ಗುರುತು. ಆದ್ದರಿಂದ ಆಕೆಯ ನಿರ್ಧಾರ ಅವರಲ್ಲಿ ನೋವು ತಂದಿದ್ದರೆ ಆ ನೋವನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ಸಲಿಂಗ ಸಂಬಂಧದ ಕುರಿತು ಇಸ್ಲಾಮಿನ ನಿಲುವು ಸ್ಪಷ್ಟವಿದೆ. ಅದನ್ನು ಮುಚ್ಚಿಟ್ಟು ಮಾತನಾಡುವ ಅಗತ್ಯ ನಮಗಿಲ್ಲ. ಆದರೆ ಹನೀನ್‌ರ ಸುದ್ದಿಯ ಜೊತೆಗೆ ನಮ್ಮವರೇ ಹಂಚಿದ ಸಂದೇಶಗಳಲ್ಲಿ ಎಂಥ ಭಾಷೆ ಇತ್ತು? ಆಕೆ ಉಚ್ಚರಿಸದ ಬೈಗುಳಗಳನ್ನು ಆಕೆಯ ಹೆಸರಿನಲ್ಲಿ ಬರೆದವರು ಆಕೆಯ ಬೆಂಬಲಿಗರೇ?

ಕ್ಲಬ್ ನಡೆದುಕೊಂಡ ರೀತಿಯೂ ಗಮನಾರ್ಹ. ಅಂಗಿಯ ಉದ್ದೇಶಕ್ಕೆ ತನ್ನ ಬೆಂಬಲವಿದೆ ಎಂದು ಕ್ಲಬ್ ಸಾರಿತು. ಹನೀನ್‌ರ ನಿರ್ಧಾರವನ್ನು ಗೌರವಿಸುವುದಾಗಿಯೂ ತಿಳಿಸಿತು. ಹೊರಗುಳಿದದ್ದು ಪಂದ್ಯದಿಂದ, ತಂಡದಿಂದ ಆಕೆಯನ್ನು ಕಿತ್ತುಹಾಕಲಿಲ್ಲ. ಎರಡೂ ಕಡೆಯವರು ತಮ್ಮ ನಿಲುವನ್ನು ಬಿಡದೆ ಒಂದೇ ಸೂರಿನಡಿ ಉಳಿಯಲು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಇದು ಮುಸ್ಲಿಮರ ಹಟ ಮಾತ್ರ ಎಂದು ಬಿಂಬಿಸಲು ಹೊರಟವರಿಗೆ ಅದೇ ವರ್ಷದ ಜುಲೈಯಲ್ಲಿ ಉತ್ತರ ಸಿಕ್ಕಿತು. ಸಿಡ್ನಿಯದೇ ಆದ ಮ್ಯಾನ್ಲಿ ಎಂಬ ಪುರುಷರ ರಗ್ಬಿ ತಂಡದ ಏಳು ಆಟಗಾರರು ಅಂಥದೇ ಅಂಗಿಯನ್ನು ನಿರಾಕರಿಸಿ ಪಂದ್ಯದಿಂದ ಹೊರಗುಳಿದರು. ಅವರು ಕಾರಣವಾಗಿ ಮುಂದಿಟ್ಟದ್ದು ತಮ್ಮ ಧಾರ್ಮಿಕ ಮತ್ತು ಸಾಂಸ್ಕೃತಿಕ ನಂಬಿಕೆಯನ್ನು. ಅವರಲ್ಲಿ ಹೆಚ್ಚಿನವರು ಪೆಸಿಫಿಕ್ ದ್ವೀಪಗಳ ಮೂಲದ ಕ್ರೈಸ್ತರು. ಆತ್ಮಸಾಕ್ಷಿ ಯಾವೊಂದು ಧರ್ಮದ ಸೊತ್ತೂ ಅಲ್ಲ. ಅದೇ ರೀತಿ, ಆತ್ಮಸಾಕ್ಷಿಗೆ ದೊರೆಯುವ ಮನ್ನಣೆ ಎಲ್ಲ ಕಡೆ ಸಮಾನವೂ ಅಲ್ಲ. ದಕ್ಷಿಣ ಆಫ್ರಿಕದ ಹಾಶಿಂ ಆಮ್ಲಾ ಬಿಯರ್ ಕಂಪೆನಿಯ ಚಿಹ್ನೆ ಇಲ್ಲದ ಅಂಗಿ ತೊಟ್ಟೇ ಆಡಿದರು. ನ್ಯೂಝಿಲೆಂಡ್‌ನ ರಗ್ಬಿ ಆಟಗಾರ ಸನ್ನಿ ಬಿಲ್ ವಿಲಿಯಮ್ಸ್ 2017ರಲ್ಲಿ ಬಡ್ಡಿ ವ್ಯವಹಾರದ ಬ್ಯಾಂಕಿನ ಚಿಹ್ನೆಯನ್ನು ಪಟ್ಟಿಯಿಂದ ಮುಚ್ಚಿದರು. ಅಲ್ಲಿನ ರಗ್ಬಿ ಮಂಡಳಿ ಒಪ್ಪಿತು. ಆದರೆ 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದ ಉಸ್ಮಾನ್ ಖ್ವಾಜಾ, ಗಾಝಾದ ಮಕ್ಕಳು ಬಾಂಬಿಗೆ ಸಾಯುತ್ತಿದ್ದಾಗ, ಎಲ್ಲ ಜೀವಗಳೂ ಸಮಾನ ಎಂಬರ್ಥದ ಮಾತನ್ನು ಬರೆದ ಬೂಟು ತೊಟ್ಟು ಪರ್ತ್ ಟೆಸ್ಟ್ ಆಡಲು ಬಯಸಿದರೆ ಐ.ಸಿ.ಸಿ. ಬಿಡಲಿಲ್ಲ. ಕೈಗೆ ಕಪ್ಪು ಪಟ್ಟಿ ಕಟ್ಟಿದ್ದಕ್ಕೂ ಛೀಮಾರಿ ಹಾಕಿತು. ಕ್ರೀಡೆಗೆ ರಾಜಕೀಯ ಬೆರೆಸಬಾರದೆಂಬ ನಿಯಮ ಯಾರ ಮಾತಿಗೆ ಅನ್ವಯಿಸುತ್ತದೆ, ಯಾರದಕ್ಕೆ ಇಲ್ಲ ಎಂಬ ಪ್ರಶ್ನೆಗೆ ಐ.ಸಿ.ಸಿ.ಯ ಬಳಿ ತೃಪ್ತಿಕರ ಉತ್ತರವಿರಲಿಲ್ಲ.

ಹನೀನ್‌ರ ಸುದ್ದಿ ಬಂದ ಅದೇ ತಿಂಗಳು ಉಡುಪಿಯ ಸರಕಾರಿ ಮಹಿಳಾ ಪದವಿಪೂರ್ವ ಕಾಲೇಜಿನ ತರಗತಿಯ ಹೊರಗೆ ನಮ್ಮ ಹೆಣ್ಣುಮಕ್ಕಳು ಕುಳಿತಿದ್ದರು. ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರ ಸುಪ್ರೀಮ್ ಕೋರ್ಟಿನ ಭಿನ್ನ ತೀರ್ಪು, ಇವೆಲ್ಲ ನಮ್ಮ ಓದುಗರಿಗೆ ತಿಳಿದದ್ದೇ. ಎರಡೂ ಪ್ರಕರಣಗಳು ಒಂದೇ ಅಲ್ಲ ಎಂಬುದು ನಮಗೆ ಗೊತ್ತು. ಹನೀನ್ ತೊಡಲು ಒಲ್ಲೆನೆಂದದ್ದು ಇತರರು ಕೊಟ್ಟ ಬಟ್ಟೆಯನ್ನು. ಉಡುಪಿಯ ವಿದ್ಯಾರ್ಥಿನಿಯರು ಕೇಳಿದ್ದು ತಮ್ಮದೇ ಬಟ್ಟೆಯನ್ನು ತೊಡುವ ಅವಕಾಶವನ್ನು. ಅಲ್ಲಿ ಒಂದು ಖಾಸಗಿ ಕ್ಲಬ್, ತನಗೆ ಒಪ್ಪಿಗೆಯಿಲ್ಲದ ನಂಬಿಕೆಗೂ ಒಂದು ದಿನದ ರಜೆಯ ಮೂಲಕ ದಾರಿ ಕಂಡುಕೊಂಡಿತು. ಇಲ್ಲಿ ಸಂವಿಧಾನದ ಹೆಸರಿನಲ್ಲಿ ನಡೆಯುವ ಸರಕಾರಕ್ಕೆ ಒಂದು ಗಜ ಬಟ್ಟೆಗೆ ದಾರಿ ಕಾಣಲಿಲ್ಲ. ಎಷ್ಟೋ ಮಕ್ಕಳು ಪರೀಕ್ಷೆ ಕಳಕೊಂಡರು.

ಜಾತ್ಯತೀತತೆಯ ಹೆಸರಲ್ಲಿ ಫ್ರಾನ್ಸ್ ಮಾಡಿದ್ದೂ ಇದನ್ನೇ. ಹಿಜಾಬ್ ಧರಿಸಿ ಫುಟ್ಬಾಲ್ ಆಡಬಾರದೆಂಬ ಅಲ್ಲಿನ ಫುಟ್ಬಾಲ್ ಸಂಸ್ಥೆಯ ನಿಷೇಧವನ್ನು 2023ರ ಜೂನ್‌ನಲ್ಲಿ ಆ ದೇಶದ ಉನ್ನತ ಆಡಳಿತ ನ್ಯಾಯಾಲಯ ಎತ್ತಿಹಿಡಿಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ದೇಶದ ಓಟಗಾರ್ತಿ ಸುಂಕಂಬಾ ಸಿಲ್ಲಾ, ಉದ್ಘಾಟನೆಯ ಮೆರವಣಿಗೆಯಲ್ಲಿ ಪಾಲ್ಗೊಳ್ಳಲು ತಲೆಗೆ ಟೋಪಿ ಹಾಕಿಕೊಳ್ಳಬೇಕಾಯಿತು. ಆದರೆ ಆ ಫ್ರೆಂಚ್ ತೀರ್ಪಿನ ಮರುತಿಂಗಳು, ಜುಲೈ 30ರಂದು, ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ನಡೆದ ಮಹಿಳಾ ವಿಶ್ವಕಪ್ ಪಂದ್ಯದಲ್ಲಿ ಮೊರೊಕ್ಕೊದ ನುಹೈಲಾ ಬಿನ್‌ಝೀನಾ ಹಿಜಾಬ್ ತೊಟ್ಟು ಆಡಿದರು. ವಿಶ್ವಕಪ್‌ನ ಹಿರಿಯರ ವಿಭಾಗದಲ್ಲಿ ಹಾಗೆ ಆಡಿದ ಮೊದಲಿಗರು ಅವರು. ಅಂದು ಮೊರೊಕ್ಕೊ ದಕ್ಷಿಣ ಕೊರಿಯವನ್ನು 1-0ರಿಂದ ಸೋಲಿಸಿತು. 2011ರಲ್ಲಿ ಇರಾನಿನ ಮಹಿಳಾ ತಂಡವನ್ನು ಶಿರವಸ್ತ್ರದ ಕಾರಣಕ್ಕೆ ಒಲಿಂಪಿಕ್ ಅರ್ಹತಾ ಪಂದ್ಯದಿಂದಲೇ ಹೊರದಬ್ಬಿದ್ದ ಫಿಫಾ, 2014ರಲ್ಲಿ ತನ್ನ ನಿಯಮ ಬದಲಿಸಿದ್ದರ ಫಲವಿದು. ಆಡುವ ಮುಸ್ಲಿಮ್ ಹೆಣ್ಣುಮಕ್ಕಳು ಇದ್ದುದರಿಂದಲೇ ನಿಯಮ ಬದಲಾಯಿತು. ಮೈದಾನದ ಬಳಿ ಯಾರೂ ಸುಳಿಯದಿದ್ದರೆ ಫಿಫಾ ಯಾರಿಗಾಗಿ ತಲೆ ಕೆಡಿಸಿಕೊಳ್ಳಬೇಕಿತ್ತು?

ಇದುವರೆಗೆ ನಾವು ಹೇಳಿದ್ದಕ್ಕೆ ಹೆಚ್ಚಿನ ಓದುಗರು ತಲೆದೂಗಿರಬಹುದು. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ಸಿಡ್ನಿಯ ಹನೀನ್‌ಗೆ ಮಾಶಾ ಅಲ್ಲಾಹ್ ಹೇಳಿದ ಅದೇ ನಾಲಿಗೆ, ತಮ್ಮ ಬೀದಿಯ ಹುಡುಗಿಯೊಬ್ಬಳು ಟ್ರ್ಯಾಕ್ ಪ್ಯಾಂಟ್ ಧರಿಸಿ ಬೆಳಗ್ಗೆ ಓಡಲು ಹೊರಟರೆ ಏನು ಹೇಳುತ್ತದೆ? ಹನೀನ್ ಆಬರ್ನ್ ಬಿಟ್ಟು ನಮ್ಮ ಯಾವುದಾದರೂ ಪಟ್ಟಣದಲ್ಲಿ ಹುಟ್ಟಿದ್ದರೆ ಆ ಅಂಗಿಯನ್ನು ನಿರಾಕರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಏಕೆಂದರೆ ಆಕೆಗೆ ಯಾವ ತಂಡದ ಅಂಗಿಯೂ ಸಿಗುತ್ತಿರಲಿಲ್ಲ. ಏಳನೆಯ ತರಗತಿಯ ತನಕ ಶಾಲಾ ಕ್ರೀಡಾಕೂಟದಲ್ಲಿ ಬಹುಮಾನ ತರುತ್ತಿದ್ದ ಮಗುವನ್ನು ಎಂಟನೆಯ ತರಗತಿಯಲ್ಲಿ ಮೈದಾನದ ಅಂಚಿನಲ್ಲಿ ಕೂರಿಸುವುದು ನಮ್ಮ ಎಷ್ಟು ಮನೆಗಳ ಕತೆ! ಆ ಬಳಿಕ ಆಕೆಯ ಓಡಾಟ ಅಡುಗೆಮನೆ ಮತ್ತು ಟೆರೇಸಿನ ನಡುವೆ. ಮೂವತ್ತೈದು ದಾಟುವಾಗ ಸಕ್ಕರೆ ಕಾಯಿಲೆ, ಮಂಡಿ ನೋವು. ಆಗ ವೈದ್ಯರು ದಿನಾ ಅರ್ಧ ಗಂಟೆ ನಡೆಯಿರಿ ಎಂದರೆ, ಎಲ್ಲಿ ನಡೆಯುವುದು?

ಇದಕ್ಕೆ ಧರ್ಮದ ಹೆಸರು ಹೇಳುವವರಿದ್ದಾರೆ. ಪ್ರವಾದಿ(ಸ)ರು ಪ್ರಯಾಣದ ನಡುವೆ ಹಝ್ರತ್ ಆಇಶಾ(ರ)ರೊಂದಿಗೆ ಓಟದ ಸ್ಪರ್ಧೆ ಮಾಡಿದ್ದರು. ಮೊದಲ ಬಾರಿ ಆಇಶಾ(ರ) ಗೆದ್ದರು. ವರ್ಷಗಳ ಬಳಿಕ ಮತ್ತೆ ಓಡಿದಾಗ ಪ್ರವಾದಿ(ಸ)ರು ಗೆದ್ದು, ಅಂದಿನದಕ್ಕೆ ಇಂದು ಸರಿಹೋಯಿತೆಂದು ನಕ್ಕರು. ಈ ಘಟನೆಯನ್ನು ನಮಗೆ ತಲುಪಿಸಿದವರು ಸ್ವತಃ ಆಇಶಾ(ರ). ದಾಂಪತ್ಯದ ಸೊಗಸಿಗೆ ಉದಾಹರಣೆಯಾಗಿ ಇದನ್ನು ನಮ್ಮ ವೇದಿಕೆಗಳಲ್ಲಿ ಆಗಾಗ ಹೇಳಲಾಗುತ್ತದೆ. ಒಳ್ಳೆಯದು. ಆದರೆ ಅದರಲ್ಲಿ ಓಡಿದ ಓರ್ವ ಹೆಣ್ಣಿದ್ದಾಳೆ, ಗೆದ್ದ ಹೆಣ್ಣಿದ್ದಾಳೆ ಎಂಬ ಭಾಗ ಮಾತ್ರ ಏಕೆ ಕಿವಿಗೆ ಬೀಳುವುದಿಲ್ಲ? ಮದೀನಾದ ಮಸೀದಿಯಲ್ಲಿ ಅಬಿಸೀನಿಯದವರು ಈಟಿಗಳೊಂದಿಗೆ ಆಡುತ್ತಿದ್ದಾಗ, ಆಇಶಾ(ರ)ರಿಗೆ ಸಾಕೆನಿಸುವ ತನಕ ನೋಡಲು ಪ್ರವಾದಿ(ಸ)ರು ಆಸರೆಯಾಗಿ ನಿಂತಿದ್ದರೆಂಬುದೂ ಪ್ರಬಲ ವರದಿಗಳಲ್ಲಿದೆ.

ಉಡುಪಿನ ಮರ್ಯಾದೆ, ಪುರುಷರ ನಡುವೆ ಬೆರೆಯುವಿಕೆ, ಕತ್ತಲಾಗುವ ಮುನ್ನ ಮನೆ ಸೇರುವುದು, ಇವು ಹೆತ್ತವರ ನ್ಯಾಯವಾದ ಕಾಳಜಿಗಳು. ಅವನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಕಾಳಜಿಗೆ ಉತ್ತರ ವ್ಯವಸ್ಥೆ, ಬೀಗವಲ್ಲ. ಆಬರ್ನ್‌ನಲ್ಲಿ ಒಬ್ಬ ಯುವತಿ ಮಾಡಿದ್ದೂ ವ್ಯವಸ್ಥೆಯನ್ನೇ. ನಮ್ಮ ಸಮುದಾಯದ ಕೈಯಲ್ಲಿ ಹೆಣ್ಣುಮಕ್ಕಳ ಶಾಲೆಗಳಿವೆ, ಕಾಲೇಜುಗಳಿವೆ, ಅವುಗಳಿಗೆ ಎತ್ತರದ ಆವರಣ ಗೋಡೆಗಳೂ ಇವೆ. ಗೋಡೆಯೊಳಗಿನ ಅಂಗಳ ಸಂಜೆ ನಾಲ್ಕಕ್ಕೆ ಖಾಲಿಯಾಗಿ ಮರುದಿನ ಬೆಳಗಿನವರೆಗೆ ಹಾಗೆಯೇ ಬಿದ್ದಿರುತ್ತದೆ. ಹುಡುಗರ ಕ್ರಿಕೆಟ್ ಟೂರ್ನಿಗೆ ಫ್ಲಡ್‌ಲೈಟ್, ಮೈಕು, ಟ್ರೋಫಿಗಳಿಗೆ ಪ್ರಾಯೋಜಕರು ಸರತಿಯಲ್ಲಿ ನಿಲ್ಲುತ್ತಾರೆ. ಟೂರ್ನಿ ಕೆಲವೊಮ್ಮೆ ಇಶಾ ನಮಾಝಿನ ಹೊತ್ತನ್ನೂ ನುಂಗುತ್ತದೆ. ಆಗ ಧರ್ಮದ ನೆನಪು ಯಾರಿಗೂ ಬರುವುದಿಲ್ಲ. ಅದೇ ಅಂಗಳಗಳಲ್ಲಿ ಒಂದು ನೆಟ್, ನಾಲ್ಕು ಚೆಂಡು, ಸಂಬಳ ಕೊಟ್ಟು ನೇಮಿಸಿದ ಓರ್ವ ಮಹಿಳಾ ತರಬೇತುದಾರರು, ಸಂಜೆ ಒಂದು ಗಂಟೆ ಸಮಯ. ಒಂದು ಮದುವೆಯ ಮಂಟಪದ ಅಲಂಕಾರಕ್ಕೆ ನಾವು ಸುರಿಯುವ ಹಣದಲ್ಲಿ ಒಂದು ವರ್ಷ ಇದು ನಡೆದೀತು.

ಮುಂದಿನ ಶೈಕ್ಷಣಿಕ ವರ್ಷಕ್ಕೆ ಬಜೆಟ್ ರೂಪಿಸಲು ನಮ್ಮ ಶಿಕ್ಷಣ ಸಂಸ್ಥೆಗಳ ಆಡಳಿತ ಸಮಿತಿಗಳು ಸಭೆ ಸೇರುವಾಗ, ಬಸ್ಸು ಮತ್ತು ಪೈಂಟಿಂಗ್‌ನ ಲೆಕ್ಕಗಳ ನಡುವೆ ಹುಡುಗಿಯರ ಆಟಕ್ಕೆಂದು ಒಂದು ಸಾಲು ಇದೆಯೇ ಎಂದು ಹೆತ್ತವರು ಎದ್ದು ನಿಂತು ಕೇಳಲಿ. ಇಲ್ಲವೆಂದಾದರೆ ಎಷ್ಟು ಬೇಕೆಂದೂ ಹೇಳಲಿ. ಆ ಮೊತ್ತದಲ್ಲಿ ತಮ್ಮ ಪಾಲನ್ನೂ ಅಲ್ಲಿಯೇ ಬರೆಸಲಿ.